ಹಾವು ಕಡಿತ: ಶುಶ್ರೂಷಕಿಯ ಮೊದಲ ಪ್ರಶ್ನೆಗಳು

ಕೊಡಗಿನ ಅಮ್ಮತ್ತಿ ಸುತ್ತಲಿನ ಕಾಫಿ ತೋಟಗಳಲ್ಲಿ ಕೊಡವ ತಕ್ಕ್, ಕನ್ನಡ, ಯರವ, ತಮಿಳು, ಮಲಯಾಳಂ ಆಡುವವರಿದ್ದಾರೆ. ಅಸ್ಸಾಮಿನಿಂದ ಬಂದ ಕಾರ್ಮಿಕರೂ ಸೇರಿದ್ದಾರೆ. ಹಾವು ಕಡಿದವರನ್ನು ಆಸ್ಪತ್ರೆಗೆ ತಂದಾಗ ಮೊದಲು ಎದುರಾಗುವವರು ಬಹುತೇಕ ಶುಶ್ರೂಷಕಿಯರೇ. ಕಡಿದು ಎಷ್ಟು ಹೊತ್ತಾಯಿತು, ಬಿಗಿದು ಕಟ್ಟಿದ್ದರೇ, ನಾಟಿ ಔಷಧಿ ಕೊಟ್ಟಿದ್ದರೇ ಎಂಬುದನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ಕೇಳಬೇಕು. ಗದರಿಸಿದರೆ ನಾಟಿ ಔಷಧಿಯ ವಿಷಯ ಹೊರಬರುವುದಿಲ್ಲ.

ಕೊಳಕುಮಂಡಲದ ವಿಷದಿಂದ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಸ್ವಚ್ಛವಾದ ಒಣ ಗಾಜಿನ ನಳಿಕೆಯಲ್ಲಿ ಸುಮಾರು 2 ಮಿ.ಲೀ. ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ಒಮ್ಮೆ ವಾಲಿಸಿದರೆ ತಿಳಿಯುತ್ತದೆ. ಪ್ಲಾಸ್ಟಿಕ್ ನಳಿಕೆ ಸಲ್ಲದು. ಕಟ್ಟುಹಾವಿನದು ಬೇರೆ ಬಗೆ: ಊತವಿರುವುದಿಲ್ಲ, ಗಾಯವೂ ಕಾಣದಿರಬಹುದು. ರೆಪ್ಪೆ ಜೋಲುವುದು, ನುಂಗಲಾಗದಿರುವುದು, ಮಾತು ತೊದಲುವುದು ಅದರ ಸುಳಿವು. ಮುಂದೆ ಉಸಿರಾಟವೇ ನಿಲ್ಲಬಹುದು. 'ಮೇಲೆ ನೋಡಿ, ನಾಲಗೆ ಚಾಚಿ' ಎನ್ನಲು ಭಾಷೆ ಬಾರದಿದ್ದರೆ ತಾವೇ ಮಾಡಿ ತೋರಿಸಿದರಾಯಿತು. ಕುಡಿದು ಮಲಗಿದ್ದಾನೆಂದು ಜೊತೆಯವರು ಹೇಳಿದರೂ ಈ ಪರೀಕ್ಷೆ ಬಿಡಕೂಡದು.

ಪ್ರತಿವಿಷ ಹನಿಸುವಾಗ ತುರಿಕೆ, ಚಳಿ, ಉಸಿರುಗಟ್ಟುವಿಕೆ ಉಂಟಾಗಬಹುದೆಂದು ಮೊದಲೇ ತಿಳಿಸಿದ್ದರೆ ರೋಗಿ ಕೂಡಲೇ ಕರೆಯುತ್ತಾನೆ. ಈ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ಮಾತ್ರ. ಮಲೆನಾಡಿನ ಗುಳಿಮಂಡಲಕ್ಕೆ ಅಲ್ಲ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಆರೋಗ್ಯ ಇಲಾಖೆಗೆ ವರದಿ ಮಾಡುವುದು ಕಡ್ಡಾಯ.