ಕುಕ್ಕರ್ ಕೂಗಿದರೆ ಬೆಂದಿತು ಅಂತಲ್ಲ!

"ಮೂರು ಕೂಗು ಕೂಗಿದ ಮೇಲೆ ಇಳಿಸು." ಅಡುಗೆ ಕಲಿಯೋಕೆ ಹೊರಟವರಿಗೆ ನಮ್ಮ ಮನೆಗಳಲ್ಲಿ ಸಿಗುವ ಮೊದಲ ಸೂತ್ರ ಇದು. ಆದರೆ ಮೂರು ಜನರ ಅಕ್ಕಿಗೆ ಸರಿಯಾಗುವ ಮೂರು ಕೂಗು ಹನ್ನೆರಡು ಜನರ ಅಕ್ಕಿಗೂ ಸರಿಯಾಗುತ್ತಾ? ಅಡುಗೆಮನೆಯ ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ಇದನ್ನು ಸರಿಯಾಗಿ ಅಳೆದು ನೋಡೋಕೆ ಜಗತ್ತಿಗೆ ಇನ್ನೂರು ವರ್ಷಕ್ಕೂ ಹೆಚ್ಚು ಬೇಕಾಯ್ತು. ಮರೆತಾಗ ಜನ ಸತ್ತಿದ್ದೂ ಉಂಟು.

ಕುಕ್ಕರಿನ ಮೂಲಪುರುಷ ಡೆನಿಸ್ ಪಾಪಿನ್ ಅನ್ನೋ ಫ್ರೆಂಚ್ ಮಹಾಶಯ. 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಮೂಳೆಯನ್ನೂ ಮೆತ್ತಗೆ ಬೇಯಿಸುವ ಪಾತ್ರೆಯೊಂದನ್ನು ತೋರಿಸಿದ. ಹಬೆ ಮಿತಿಮೀರಿದರೆ ಹೊರಹೋಗಲಿ ಅಂತ ಸನ್ನೆಗೋಲಿಗೆ ತೂಕ ಕಟ್ಟಿ ಸುರಕ್ಷತಾ ಕವಾಟ ಮಾಡಿದ. ನಮ್ಮ ಕುಕ್ಕರಿನ ವೆಯ್ಟ್ ಅದರ ಮೊಮ್ಮಗ! ಒಳಗಿನ ಕಾವು ತಿಳಿಯೋಕೆ ಅವನು ಮುಚ್ಚಳದ ಮೇಲೆ ಒಂದು ಹನಿ ನೀರು ಬಿಟ್ಟು, ಅದು ಆರೋಕೆ ಎಷ್ಟು ಹೊತ್ತು ಬೇಕು ಅಂತ ಲೋಲಕ ಇಟ್ಟು ಎಣಿಸುತ್ತಿದ್ದ. ಜಾಣತನವೇ. ಆದರೆ ಅಳೆದದ್ದು ಮುಚ್ಚಳದ ಬಿಸಿ, ಒಳಗಿನ ಮೂಳೆಯದ್ದಲ್ಲ.

ಇಡೀ ಕಥೆಯ ಗಂಟು ಇರೋದೇ ಇಲ್ಲಿ. ನಮ್ಮ ಅಂಜನಾಪುರದ ಯಾವುದೇ ಮನೆಯ ಉದಾಹರಣೆ ತಗೊಳ್ಳಿ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 120 ಡಿಗ್ರಿಗೆ ಏರಿಸೋಕೆ ಸುಮಾರು 400 ಕಿಲೋಜೂಲ್ ಶಾಖ ಬೇಕು. ಗ್ಯಾಸ್ ಒಲೆಯಿಂದ ಪಾತ್ರೆಗೆ ಸೆಕೆಂಡಿಗೆ 1.3 ಕಿಲೋಜೂಲ್ ಸಿಗುತ್ತೆ ಅಂದುಕೊಂಡರೆ ಸುಮಾರು ಐದು ನಿಮಿಷ. ಮೂರು ಲೀಟರಿಗೆ ಹದಿನೈದು ನಿಮಿಷ. ಇದು ಸುಲಭದ ಲೆಕ್ಕ, ನೆಂಟರು ಬಂದ ದಿನ ಮೊದಲ ಕೂಗು ತಡವಾಗೋದು ಇದಕ್ಕೇ.

ಕಷ್ಟದ ಲೆಕ್ಕ ಬೇರೆ ಇದೆ. ಕೂಗು ಹೇಳೋದು ಹಬೆಯ ಸುದ್ದಿ ಮಾತ್ರ. ಒಳಪಾತ್ರೆಯಲ್ಲಿ ಒತ್ತಾಗಿ ಕೂತ ಅಕ್ಕಿಯ ನಡುಮಧ್ಯಕ್ಕೆ ಬಿಸಿ ಆಮೇಲೆ ನಿಧಾನಕ್ಕೆ ಇಳಿಯಬೇಕು. ಕದಲದ ಗಟ್ಟಿ ಪದಾರ್ಥದ ದಪ್ಪ ಎರಡರಷ್ಟಾದರೆ ನಡುವಿಗೆ ಬಿಸಿ ತಲುಪುವ ಹೊತ್ತು ಎರಡರಷ್ಟಲ್ಲ, ಹೆಚ್ಚುಕಡಿಮೆ ನಾಲ್ಕರಷ್ಟು! ಸಾಫ್ಟ್‌ವೇರ್‌ನವರಿಗೆ ಹೇಳೋದಾದರೆ, ಪರದೆ ಮೇಲೆ ಎಲ್ಲಾ ಹಸಿರು, ಬಳಕೆದಾರನಿಗೆ ಮಾತ್ರ ಪುಟ ತೆರೆದಿಲ್ಲ :)

1879ರಲ್ಲಿ ಪಾಶ್ಚರ್ ಜೊತೆಗಾರ ಶಾರ್ಲ್ ಶಾಂಬರ್ಲಾನ್ ಪಾಪಿನ್ನನ ಪಾತ್ರೆಯನ್ನೇ ಆಟೋಕ್ಲೇವ್ ಮಾಡಿದ. ಈಗ ಅನ್ನ ಬೇಯೋದಲ್ಲ, ಸೂಕ್ಷ್ಮಜೀವಿ ಸಾಯೋದು ಮುಖ್ಯವಾಯ್ತು. ಅಮೆರಿಕದ ಡಬ್ಬಿ ಕಾರ್ಖಾನೆಗಳಲ್ಲೂ ಒತ್ತಡದ ಹಬೆ ಬಂದಿತ್ತು. ಆದರೂ ಡಬ್ಬಿಗಳು ಉಬ್ಬಿ ಕೆಡುತ್ತಿದ್ದವು. 1895ರಿಂದ ಎಂಐಟಿಯ ಸ್ಯಾಮುಯೆಲ್ ಪ್ರೆಸ್ಕಾಟ್ ಮತ್ತು ಡಬ್ಬಿ ವ್ಯಾಪಾರದ ಮನೆತನದ ವಿಲಿಯಂ ಅಂಡರ್‌ವುಡ್ ಇದರ ಹಿಂದೆ ಬಿದ್ದರು. ಡಬ್ಬಿಯ ಒಳಗೇ ಥರ್ಮಾಮೀಟರ್ ಇಟ್ಟು ಸೀಲ್ ಮಾಡಿದರು. ಹೊರಗೆ ಹಬೆ ಕುದಿಯುತ್ತಿದ್ದರೂ ಡಬ್ಬಿಯ ನಡುವೆ ಬಿಸಿ ಸಾಲುತ್ತಿರಲಿಲ್ಲ. ಅಳೆಯುವ ಜಾಗ ಬದಲಾಯ್ತು, ಅಷ್ಟೇ. ಡಬ್ಬಿ ಉದ್ಯಮವೇ ಬದಲಾಯ್ತು.

ಆದರೂ ಪಾಠ ಮರೆತುಹೋಗುತ್ತೆ. 1971ರ ಏಪ್ರಿಲ್‌ನಲ್ಲಿ ಲಿವರ್‌ಪೂಲ್ ಬಳಿಯ ಕಾರ್ಖಾನೆಯೊಂದರಲ್ಲಿ ಡೆಕ್ಸ್‌ಟ್ರೋಸ್ ಬಾಟಲಿಗಳನ್ನು ಆಟೋಕ್ಲೇವ್‌ಗೆ ತುಂಬಿದರು. ಗಾಳಿ ಪೂರ್ತಿ ಹೊರಹೋಗದೆ ತಳದಲ್ಲೇ ಉಳಿಯಿತು. ಬೇರೆ ಮಾಪಕ ಎಲ್ಲಾ ಸರಿ ಅಂತ ತೋರಿಸಿತು. ಒಂದು ಥರ್ಮಾಮೀಟರ್ ಮಾತ್ರ ಏರಲೇ ಇಲ್ಲ. ಅದೇ ಕೆಟ್ಟಿದೆ ಅಂದುಕೊಂಡು ಕೆಲಸ ಮುಂದುವರಿಸಿದರು! ಕೆಳಸಾಲಿನ ಬಾಟಲಿಗಳು ಶುದ್ಧವಾಗಿರಲಿಲ್ಲ. 1972ರ ಮಾರ್ಚ್‌ನಲ್ಲಿ ಪ್ಲಿಮತ್‌ನ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ಅವನ್ನು ಹಾಕಿಸಿಕೊಂಡ ರೋಗಿಗಳು ಸತ್ತರು. ಅದೇ ವರ್ಷ ಬಂದ ಕ್ಲೋಥಿಯರ್ ಸಮಿತಿ ವರದಿಯಲ್ಲಿ ಇದೆಲ್ಲಾ ದಾಖಲಾಗಿದೆ.

ನಮ್ಮ ನಾಡಿನಲ್ಲಿ ಇದೇ ಲೆಕ್ಕವನ್ನು ಒಳ್ಳೆಯದಕ್ಕೆ ಬಳಸಿದ್ದು ಮೈಸೂರಿನಲ್ಲಿ. ಸೈನಿಕರ ಊಟಕ್ಕಾಗಿ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಚಪ್ಪಟೆ ಚೀಲದಲ್ಲಿ ಆಹಾರ ತುಂಬಿ ಒತ್ತಡದ ಹಬೆಯಲ್ಲಿ ಬೇಯಿಸುವ ವಿಧಾನವನ್ನು ಬೆಳೆಸಿತು. ಉರುಟು ಡಬ್ಬಿ ಬಿಟ್ಟು ಚಪ್ಪಟೆ ಚೀಲ ಯಾಕೆ? ದಪ್ಪ ಕಡಿಮೆ, ನಡುವಿಗೆ ಬಿಸಿ ಬೇಗ, ರುಚಿಯೂ ಉಳಿಯುತ್ತೆ. ಅಂಗಡಿಯಲ್ಲಿ ಸಿಗುವ ಎಂಟಿಆರ್ ಬಿಸಿಬೇಳೆಬಾತ್ ಪ್ಯಾಕೆಟ್ಟಿನ ತಂತ್ರವೂ ಅಲ್ಲಿಂದಲೇ ಬಂದದ್ದು.

ಅಕ್ಕಿ ಬೇಯದಿದ್ದರೆ ಇನ್ನೆರಡು ಕೂಗು ಹಾಕಿಸಬಹುದು. ಸಲೈನ್ ಬಾಟಲಿಗೆ ಆ ಅವಕಾಶ ಇಲ್ಲ, ಕಣ್ಣಿಗೆ ಕಾಣೋದೂ ಇಲ್ಲ. ಆದ್ದರಿಂದ ಯಾವ ಮೀಟರ್ ನೋಡಿದರೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಅಳೀತಿರೋದು ಮುಚ್ಚಳವನ್ನೋ, ಒಳಗಿನ ಅನ್ನವನ್ನೋ?

ಅಂದಹಾಗೆ, ಹನ್ನೆರಡು ಜನರ ಅಡುಗೆಗೆ ನಿಮ್ಮನೇಲಿ ಎಷ್ಟು ಕೂಗು?