‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’: ಚರಿತ್ರೆಯ ಘಟನೆ, ಚಿತ್ರದ ಸ್ಮೃತಿ

ಚಲನಚಿತ್ರವನ್ನು ಚರಿತ್ರೆಯ ಆಕರವಾಗಿ ಬಳಸುವವರು ಎದುರಿಸಬೇಕಾದ ತೊಡಕುಗಳಿಗೆ ಸೆರ್ಗೈ ಐಸೆನ್‌ಸ್ಟೈನ್ ನಿರ್ದೇಶಿಸಿದ ಮೂಕಿಚಿತ್ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಉತ್ತಮ ನಿದರ್ಶನ. 1905ರ ರಷ್ಯನ್ ಕ್ರಾಂತಿಯ ಇಪ್ಪತ್ತನೆಯ ವರ್ಷಾಚರಣೆಗಾಗಿ ಸಿದ್ಧವಾದ ಈ ಚಿತ್ರವು 1925ರ ಡಿಸೆಂಬರ್ 21ರಂದು ಮಾಸ್ಕೋದ ಬೊಲ್ಶಾಯ್ ರಂಗಮಂದಿರದಲ್ಲಿ ಮೊದಲು ಪ್ರದರ್ಶನಗೊಂಡಿತು.

ಚಿತ್ರದ ಮೂಲಘಟನೆ ನಿರ್ವಿವಾದವಾದುದು. 1905ರ ಜೂನ್‌ನಲ್ಲಿ ಕಪ್ಪು ಸಮುದ್ರದ ನೌಕಾಪಡೆಗೆ ಸೇರಿದ ಪೊಟೆಮ್ಕಿನ್ ಯುದ್ಧನೌಕೆಯ ನಾವಿಕರು ಹುಳು ಬಿದ್ದ ಮಾಂಸದ ಊಟವನ್ನು ನಿರಾಕರಿಸಿ ದಂಗೆಯೆದ್ದರು. ಗುಂಡೇಟಿಗೆ ಬಲಿಯಾದ ನಾವಿಕ ವಕುಲಿಂಚುಕ್‌ನ ಶವವನ್ನು ಒಡೆಸ್ಸಾ ಬಂದರಿನಲ್ಲಿ ಇರಿಸಿದಾಗ ಅಪಾರ ಜನಸಮೂಹ ನೆರೆಯಿತು.

ಐದು ಭಾಗಗಳ ಈ ಚಿತ್ರದ ನಾಲ್ಕನೆಯ ಭಾಗವೇ ಪ್ರಸಿದ್ಧವಾದ ಒಡೆಸ್ಸಾ ಮೆಟ್ಟಿಲುಗಳ ದೃಶ್ಯ. ಸಾಲುಗಟ್ಟಿ ಇಳಿಯುವ ಸೈನಿಕರ ಬೂಟುಗಳು, ಗಾಯಗೊಂಡ ಮಗುವನ್ನೆತ್ತಿಕೊಂಡು ಅವರಿಗೆ ಎದುರಾಗಿ ಮೆಟ್ಟಿಲೇರುವ ತಾಯಿ, ಹಿಡಿಯುವವರಿಲ್ಲದೆ ಉರುಳುವ ಕೂಸಿನ ಗಾಡಿ: ಎಡ್ವರ್ಡ್ ಟಿಸ್ಸೆಯ ಛಾಯಾಗ್ರಹಣದ ಈ ತುಣುಕುಗಳನ್ನು ಐಸೆನ್‌ಸ್ಟೈನ್ ಒಂದಕ್ಕೊಂದು ಘರ್ಷಿಸುವಂತೆ ಜೋಡಿಸುತ್ತಾನೆ. ಕೆಲವೇ ಕ್ಷಣಗಳ ಇಳಿತವು ಸಂಕಲನದಲ್ಲಿ ಹಿಗ್ಗಿ, ಮೆಟ್ಟಿಲುಗಳಿಗೆ ಕೊನೆಯೇ ಇಲ್ಲವೆಂಬ ಭಾವ ಮೂಡುತ್ತದೆ.

ಆದರೆ ಹಾಡಹಗಲಿನ ಈ ಹತ್ಯಾಕಾಂಡವು ಚಿತ್ರದಲ್ಲಿರುವಂತೆ ಮೆಟ್ಟಿಲುಗಳ ಮೇಲೆ ನಡೆಯಲಿಲ್ಲ. ರಾತ್ರಿಯ ವೇಳೆ, ಬೆಂಕಿ ಹತ್ತಿದ ಬಂದರು ಪ್ರದೇಶದಲ್ಲಿ ಸೇನೆಯ ಗುಂಡಿಗೆ ಅನೇಕರು ಬಲಿಯಾದರು. ಸಾವುಗಳು ಸತ್ಯ, ಸ್ಥಳ ಮತ್ತು ಸನ್ನಿವೇಶ ಕಲ್ಪಿತ. ಅಂತೆಯೇ, ಎದುರಾದ ನೌಕಾಪಡೆ ಗುಂಡು ಹಾರಿಸದೆ ದಾರಿಬಿಟ್ಟ ವಿಜಯದ ಗಳಿಗೆಯಲ್ಲಿ ಚಿತ್ರ ಮುಗಿಯುತ್ತದೆ. ಬಳಿಕ ನಾವಿಕರು ರುಮೇನಿಯಾದ ಕಾನ್‌ಸ್ಟಾಂಟಾದಲ್ಲಿ ನೌಕೆಯನ್ನು ಒಪ್ಪಿಸಿ ಆಶ್ರಯ ಪಡೆದ ಸಂಗತಿ ಅದರಲ್ಲಿಲ್ಲ.

ಚಿತ್ರದ ಪ್ರತಿಯೂ ರಾಜಕೀಯದಿಂದ ಪಾರಾಗಲಿಲ್ಲ. ಆರಂಭದಲ್ಲಿದ್ದ ಟ್ರಾಟ್‌ಸ್ಕಿಯ ಮಾತುಗಳನ್ನು ಮುಂದೆ ತೆಗೆದು ಲೆನಿನ್‌ನ ಮಾತುಗಳನ್ನು ಸೇರಿಸಲಾಯಿತು; 2005ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶಿತವಾದ ಪುನರುದ್ಧಾರಿತ ಪ್ರತಿಯಲ್ಲಿ ಮೂಲದ ಮಾತುಗಳು ಮರಳಿದವು. ಆದ್ದರಿಂದ ಯಾವ ಪ್ರತಿಯನ್ನು ನೋಡಿದೆವೆಂಬುದನ್ನು ಸಂಶೋಧಕರು ನಮೂದಿಸುವುದು ಅಗತ್ಯ.

1955ರಲ್ಲಿ ಆ ಮೆಟ್ಟಿಲುಗಳಿಗೆ ಪೊಟೆಮ್ಕಿನ್ ಹೆಸರನ್ನೇ ಇಡಲಾಯಿತು. ಜನರ ನೆನಪು ಮೆಟ್ಟಿಲುಗಳಲ್ಲಿ ನೆಲೆನಿಂತಂತೆ ಬಂದರಿನಲ್ಲಿ ಮಡಿದವರು ಮರೆಗೆ ಸರಿದರು. ಇದು ಕಲೆಯ ಶಕ್ತಿಯೂ ಹೌದು, ಚರಿತ್ರೆಗೆ ಒದಗಿದ ನಷ್ಟವೂ ಹೌದು. ಈ ಚಿತ್ರ 1905ರ ಘಟನೆಗಳಿಗೆ ದುರ್ಬಲ ಸಾಕ್ಷಿ. ಆದರೆ 1925ರ ಸೋವಿಯತ್ ಸಮಾಜ ಆ ಘಟನೆಗಳನ್ನು ಹೇಗೆ ಸ್ಮರಿಸಬಯಸಿತೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷಿ ದೊರೆಯುವುದು ಕಷ್ಟ.