ನ್ಯೂಟ್ರಾನುಗಳ ಲೆಕ್ಕ

ಪರಮಾಣುವಿನ ಬೀಜದಲ್ಲಿ ನ್ಯೂಟ್ರಾನುಗಳೆಷ್ಟಿವೆಯೆಂಬುದನ್ನು ಇಂದು ಹೈಸ್ಕೂಲಿನ ಬಾಲಕನೂ ಒಂದು ವ್ಯವಕಲನದಿಂದ ಹೇಳಬಲ್ಲನು. ದ್ರವ್ಯಸಂಖ್ಯೆಯಿಂದ ಪರಮಾಣುಸಂಖ್ಯೆಯನ್ನು ಕಳೆದರೆ ಉಳಿದುದೇ ಉತ್ತರ. ಆದರೆ ಈ ಸುಲಭಸೂತ್ರವು ಕೈಗೆ ಬರುವುದಕ್ಕೆ ಮುಂಚೆ ವಿದ್ವಾಂಸರು ಪಟ್ಟ ಪಾಡು ಸ್ವಲ್ಪವಲ್ಲ. ಅದರ ಮುಖ್ಯ ಘಟ್ಟವೊಂದರಲ್ಲಿ ಭರತಖಂಡದ ಶೋಧನೆಯೇ ಸಾಕ್ಷಿ ನುಡಿಯಿತೆಂಬುದನ್ನು ಬಹುಮಂದಿ ಅರಿಯರು.

೧೯೧೩ರಲ್ಲಿ ಮೋಸ್ಲೆಯು ಕ್ಷಕಿರಣಗಳ ಸಹಾಯದಿಂದ ಪರಮಾಣುಸಂಖ್ಯೆಗಳನ್ನು ಸ್ಥಿರಪಡಿಸಿದನು. ೧೯೧೯ರಲ್ಲಿ ಆಸ್ಟನ್ನನು ಪರಮಾಣುಗಳನ್ನು ತೂಕದಿಂದ ಬೇರ್ಪಡಿಸುವ ಯಂತ್ರವನ್ನು ಕಟ್ಟಿ, ಕ್ಲೋರಿನ್ನಿನಲ್ಲಿ ೩೫, ೩೭ ಎಂಬ ಎರಡು ಬಗೆಗಳಿರುವುದನ್ನು ತೋರಿಸಿದನು. ಪುಸ್ತಕಗಳಲ್ಲಿ ಕಾಣುವ ೩೫.೪೫ ಎಂಬುದು ಇವುಗಳ ಸರಾಸರಿಯಷ್ಟೆ. ಅದರಿಂದ ೧೭ನ್ನು ಕಳೆದು ಸುಮಾರು ಹದಿನೆಂಟೂವರೆ ನ್ಯೂಟ್ರಾನುಗಳೆನ್ನುವ ವಿದ್ಯಾರ್ಥಿಗಳು ಇಂದಿಗೂ ಇಲ್ಲದಿಲ್ಲ!

ಆ ಕಾಲದಲ್ಲಿ ಬೀಜದೊಳಗೆ ಪ್ರೋಟಾನು, ಎಲೆಕ್ಟ್ರಾನುಗಳೆರಡೂ ಇವೆಯೆಂಬ ನಂಬಿಕೆಯಿತ್ತು. ಸಾರಜನಕದ ತೂಕ ೧೪, ವಿದ್ಯುದಂಶ ೭. ಆದ್ದರಿಂದ ೧೪ ಪ್ರೋಟಾನು, ೭ ಎಲೆಕ್ಟ್ರಾನು, ಒಟ್ಟು ೨೧ ಕಣಗಳೆಂದು ಎಣಿಸಿದರು. ೧೯೨೮ರಲ್ಲಿ ಕಲ್ಕತ್ತೆಯಲ್ಲಿ ರಾಮನ್ನರು ಕೃಷ್ಣನ್ನರೊಡನೆ ಜಗತ್ಪ್ರಸಿದ್ಧವಾದ ತಮ್ಮ ಪರಿಣಾಮವನ್ನು ಕಂಡುಹಿಡಿದರು. ಮರುವರ್ಷವೇ ಇಟಲಿಯ ರಾಸೆಟ್ಟಿಯು ಅದೇ ಪರಿಣಾಮದಿಂದ ಸಾರಜನಕದ ಅಣುವನ್ನು ಪರೀಕ್ಷಿಸಲು, ರೋಹಿತದ ರೇಖೆಗಳು ಒಂದು ಬಿಟ್ಟೊಂದು ಪ್ರಬಲವಾಗಿ ಕಾಣಿಸಿದುವು. ಯಾವ ಸ್ಥಾನದ ರೇಖೆಗಳು ಪ್ರಬಲವೆಂಬುದರಿಂದ ಬೀಜದ ಕಣಗಳ ಮೊತ್ತವು ಸಮವೋ ಬೆಸವೋ ಎಂಬುದು ಗೊತ್ತಾಗುತ್ತದೆ. ಹೈಟ್ಲರ್, ಹರ್ಟ್ಸ್‌ಬರ್ಗ್ ಎಂಬವರು ವಿಮರ್ಶಿಸಿ ನೋಡಿದಾಗ ಅದು ಸಮವೆಂದೇ ತೇಲಿತು. ೨೧ ಸಮವಾಗುವುದೆಂತು? ರೇಖೆಗಳು ಸುಳ್ಳಾಡವು, ಎಣಿಕೆಯೇ ತಪ್ಪಾಗಿರಬೇಕು.

ತಪ್ಪು ಎಲ್ಲಿಯೆಂಬುದು ೧೯೩೨ರಲ್ಲಿ ತಿಳಿಯಿತು. ಬೆರಿಲಿಯಮ್ಮಿಗೆ ಆಲ್ಫಾಕಣಗಳು ತಾಕಿದಾಗ ಹೊರಡುವುದು, ಹೆಚ್ಚುಕಡಮೆ ಪ್ರೋಟಾನಿನಷ್ಟೇ ಭಾರವುಳ್ಳ, ವಿದ್ಯುದಂಶವಿಲ್ಲದ ಕಣವೆಂದು ಕೇಂಬ್ರಿಜ್ಜಿನ ಚಾಡ್ವಿಕ್ಕನು ಸಾಧಿಸಿದನು. ೭ ಪ್ರೋಟಾನು, ೭ ನ್ಯೂಟ್ರಾನು, ಒಟ್ಟು ೧೪. ಎಲೆಕ್ಟ್ರಾನುಗಳು ಬೀಜದಿಂದ ಹೊರಬಿದ್ದುವು. ವ್ಯವಕಲನಕ್ಕೆ ಅರ್ಥ ಬಂದಿತು.

ತುಮಕೂರು, ಗುಬ್ಬಿಗಳನ್ನು ದಾಟಿ ಹೋಗುವ ರೈಲುದಾರಿಯಲ್ಲಿರುವ ತಿಪಟೂರಿನಲ್ಲಿ ೧೯೨೫ರಲ್ಲಿ ಜನಿಸಿದ ರಾಜಾ ರಾಮಣ್ಣನವರು ಆಗ ಏಳು ವರ್ಷದ ಬಾಲಕರು. ಮುಂದೆ ಅವರು ಲಂಡನ್ನಿನಲ್ಲಿ ವ್ಯಾಸಂಗ ಮುಗಿಸಿ ಬಂದು, ನ್ಯೂಟ್ರಾನುಗಳ ನಡತೆಯನ್ನೂ ಬೀಜವಿದಳನವನ್ನೂ ತಮ್ಮ ಜೀವಮಾನದ ವಿಷಯವಾಗಿ ಮಾಡಿಕೊಂಡರು. ಈ ವಿದ್ಯೆಯಲ್ಲಿ ಎರಡು ಮೂರು ನ್ಯೂಟ್ರಾನುಗಳ ವ್ಯತ್ಯಾಸವೂ ಅಲ್ಪವಲ್ಲ. ಯುರೇನಿಯಮ್ಮಿನ ಒಂದು ಬಗೆಯಲ್ಲಿ ನ್ಯೂಟ್ರಾನುಗಳು ೧೪೩, ಇನ್ನೊಂದರಲ್ಲಿ ೧೪೬. ಮಂದಗತಿಯ ನ್ಯೂಟ್ರಾನು ತಾಕಿದರೆ ಒಡೆಯುವುದು ಮೊದಲನೆಯದು ಮಾತ್ರ. ೧೯೭೪ರ ಮೇ ೧೮ರಂದು ಪೋಖ್ರಾನಿನ ಮರಳುಗಾಡಿನಲ್ಲಿ, ರಾಮಣ್ಣನವರ ಮುಂದಾಳುತನದಲ್ಲಿ ನಡೆದ ಪ್ರಯೋಗದಲ್ಲಿ ಬಳಸಿದ್ದು ಪ್ಲುಟೋನಿಯಮ್ಮನ್ನು. ಅದರ ದ್ರವ್ಯಸಂಖ್ಯೆ ೨೩೯, ಪರಮಾಣುಸಂಖ್ಯೆ ೯೪, ನ್ಯೂಟ್ರಾನುಗಳು ೧೪೫.